ಸೀಳುತುಟಿ: ಯಾವ ಹೊಲಿಗೆ ಒಳ್ಳೆಯದು?

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಉರ್ದು ಮತ್ತು ಕನ್ನಡ ಪಾಠ ಮಾಡುವವರು ಆಪರೇಷನ್ ಬಗ್ಗೆ ಏಕೆ ಮಾತನಾಡುತ್ತಾರೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಭಾಷಣದ ವಿಷಯ ಕೊಟ್ಟಾಗ ನಮ್ಮ ಕಾರ್ಯದರ್ಶಿಗಳೂ ಒಮ್ಮೆ ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಡಾಕ್ಟರ್ ಅಲ್ಲ. ಆದರೆ ನನ್ನ ತಂಗಿಗೆ ಹುಟ್ಟಿದ ಗಂಡುಮಗುವಿನ ಮೇಲ್ತುಟಿ ಎಡಗಡೆ ಮೂಗಿನ ಹೊಳ್ಳೆಯವರೆಗೂ ಸೀಳಿತ್ತು. ಭಾವ ದಮ್ಮಾಮಿನಿಂದ ದಿನಾ ಫೋನ್ ಮಾಡಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಯಾವ ಪದ್ಧತಿಯಲ್ಲಿ ಹೊಲಿಯುತ್ತಾರೆ ಕೇಳಿ. ಮಿಲ್ಲಾರ್ಡ್ ಅಂತೆ, ಇನ್ನೊಂದು ಹೊಸದು ಬಂದಿದೆಯಂತೆ, ಯಾವುದು ಬೆಸ್ಟ್?" ಮನೆಯಲ್ಲಿ ಓದಿದವರು ಅಂತ ಇದ್ದದ್ದು ನಾನೊಬ್ಬರೇ ಆದ್ದರಿಂದ ಉತ್ತರ ಹುಡುಕುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಹುಡುಕುತ್ತಾ ಹೋದಾಗ ಆ ಪ್ರಶ್ನೆಗೆ ಉತ್ತರ ಸಿಕ್ಕಿತು, ಜೊತೆಗೆ ನನ್ನ ತರಗತಿಯಲ್ಲೇ ನಾನು ಮಾಡುತ್ತಿದ್ದ ಒಂದು ತಪ್ಪೂ ಸಿಕ್ಕಿತು. ಎರಡನ್ನೂ ತಮ್ಮ ಮುಂದೆ ಇಡುತ್ತೇನೆ.

ಮೊದಲು ಇದು ಏನು ಎಂಬುದನ್ನು ನೋಡೋಣ. ಗರ್ಭದಲ್ಲಿ ಮಗುವಿನ ಮುಖ ಒಂದೇ ತುಂಡಾಗಿ ಬೆಳೆಯುವುದಿಲ್ಲ. ಎರಡು ಬದಿಯಿಂದ ಮತ್ತು ನಡುವಿನಿಂದ ಬೆಳೆದು ಬಂದ ಭಾಗಗಳು ಸೇರಿ ಮೇಲ್ತುಟಿ ಆಗುತ್ತದೆ. ಇದು ನಡೆಯುವುದು 4ರಿಂದ 7ನೇ ವಾರದ ಒಳಗೆ, ಅಂದರೆ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿ ಎಂದು ಖಾತ್ರಿಯಾಗುವ ಹೊತ್ತಿಗೆ. ಆ ಭಾಗಗಳು ಸೇರದೆ ಉಳಿದರೆ ಸೀಳುತುಟಿ. ಬಾಯಿಯ ಮೇಲ್ಛಾವಣಿ, ಅಂದರೆ ಅಂಗುಳ, ಸೇರುವುದು ಸ್ವಲ್ಪ ತಡವಾಗಿ, 12ನೇ ವಾರದ ಹೊತ್ತಿಗೆ. ಅಲ್ಲಿ ಉಳಿದರೆ ಸೀಳಂಗುಳ. ಕೆಲವು ಮಕ್ಕಳಿಗೆ ಒಂದು, ಕೆಲವರಿಗೆ ಎರಡೂ. ಲೋಕದಲ್ಲಿ ಹುಟ್ಟುವ ಸುಮಾರು 700 ಮಕ್ಕಳಲ್ಲಿ ಒಬ್ಬರಿಗೆ ಇದರಲ್ಲಿ ಒಂದಲ್ಲ ಒಂದು ಇರುತ್ತದೆ. ಸೀಳುತುಟಿ ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು, ಬಲಕ್ಕಿಂತ ಎಡಗಡೆ ಹೆಚ್ಚು.

ನನ್ನ ತಂಗಿಯ ಮಗುವನ್ನು ನೋಡಲು ಬಂದ ಹೆಂಗಸರಲ್ಲಿ ಹತ್ತಕ್ಕೆ ಎಂಟು ಜನ ಕೇಳಿದ್ದು, "ಗಹನ್‌ನಲ್ಲಿ ಏನಾದರೂ ಕತ್ತರಿಸಿದೆಯಾ?" ಎಂದೇ. ಪಕ್ಕದ ಮನೆಯ ಅಜ್ಜಿಯೂ ಅದನ್ನೇ ಗ್ರಹಣ ಎಂದು ಕೇಳಿದರು. ಈ ವಿಷಯದಲ್ಲಿ ನಮ್ಮೂರಿನಲ್ಲಿ ಜಾತಿ ಮತ ಭೇದವಿಲ್ಲ! ಪ್ರವಾದಿಯವರ (ಸ.ಅ.) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾದಾಗ ಜನ ಎರಡನ್ನೂ ಜೋಡಿಸಿ ಮಾತನಾಡಿದರು. ಗ್ರಹಣ ಯಾರ ಸಾವಿಗೂ ಹುಟ್ಟಿಗೂ ಆಗುವುದಲ್ಲವೆಂದು ಅವರೇ ತಿದ್ದಿದ್ದು ನಮ್ಮ ಮದ್ರಸಾದ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ತಾಯಿಯನ್ನು ತಪ್ಪಿತಸ್ಥಳ ಜಾಗದಲ್ಲಿ ನಿಲ್ಲಿಸುತ್ತೇವೆ. ವಂಶದ ಗುಣ, ಧೂಮಪಾನ, ಮೂರ್ಛೆರೋಗದ ಕೆಲವು ಮಾತ್ರೆಗಳು, ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ ಎಂದು ವೈದ್ಯರು ಹೇಳುತ್ತಾರೆ. ಹತ್ತಿರದ ಸಂಬಂಧದಲ್ಲಿ ಮದುವೆಯೂ ಕಾರಣಗಳಲ್ಲಿ ಒಂದಿರಬಹುದೆಂದು ಕೆಲವು ಅಧ್ಯಯನಗಳು ಸೂಚಿಸಿವೆ. ಎಷ್ಟೋ ಸಲ ಯಾವ ಒಂದು ಕಾರಣವೂ ಸಿಗುವುದಿಲ್ಲ. ಚಾಕು ಕತ್ತರಿ ಮಾತ್ರ ಈ ಪಟ್ಟಿಯಲ್ಲಿ ಇಲ್ಲ.

ಹುಟ್ಟಿದ ತಕ್ಷಣ ಆಪರೇಷನ್ ಮಾಡುವುದಿಲ್ಲ. ಹಳೆಯ ಒಂದು ಸುಲಭ ಲೆಕ್ಕ ಇದೆ, ಹತ್ತರ ನಿಯಮ ಎನ್ನುತ್ತಾರೆ: ಮಗುವಿಗೆ 10 ವಾರ ಆಗಿರಬೇಕು, ತೂಕ 10 ಪೌಂಡ್ ಅಂದರೆ ಸುಮಾರು ನಾಲ್ಕೂವರೆ ಕಿಲೋ ಇರಬೇಕು, ಹಿಮೋಗ್ಲೋಬಿನ್ 10 ಗ್ರಾಂ ಇರಬೇಕು. ಈಗ ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ ತುಟಿ ಹೊಲಿಯುತ್ತಾರೆ. ಅಲ್ಲಿಯವರೆಗೆ ಮಗುವಿಗೆ ಹಾಲು ಕುಡಿಸಿ ತೂಕ ಹೆಚ್ಚಿಸುವುದೇ ದೊಡ್ಡ ಕೆಲಸ. ನಮ್ಮ ಅಮ್ಮ ಅಟ್ಟದಿಂದ ಹಳೆಯ ಒಳಲೆ ಇಳಿಸಿ ತಿಕ್ಕಿ ಕುದಿಸಿಕೊಟ್ಟರು. ಮಗುವನ್ನು ನೆಟ್ಟಗೆ ಕೂರಿಸಿಕೊಂಡು ಸ್ವಲ್ಪ ಸ್ವಲ್ಪವೇ ಕುಡಿಸಿ, ಮಧ್ಯೆ ಮಧ್ಯೆ ತೇಗಿಸಬೇಕು. ಆಸ್ಪತ್ರೆಯ ನರ್ಸ್ ಒಳಲೆಯನ್ನು ನೋಡಿ ಬಹಳ ಸಂತೋಷಪಟ್ಟರು.

ಇನ್ನು ಭಾವನ ಪ್ರಶ್ನೆಗೆ ಬರೋಣ. ಸಭೆಯಲ್ಲಿ ಇದನ್ನು ನಾನು ಕಾಗದ ಕತ್ತರಿ ಹಿಡಿದು ತೋರಿಸಿದೆ. ಓದುವ ತಾವೂ ಒಂದು ಹಾಳೆ ತೆಗೆದುಕೊಳ್ಳಿ. ಮೊದಲು ಕನ್ನಡಿಯಲ್ಲಿ ತಮ್ಮದೇ ಮೇಲ್ತುಟಿಯನ್ನು ನೋಡಿ. ಮೂಗಿನ ಕೆಳಗೆ ನಡುವೆ ಒಂದು ಸಣ್ಣ ಕಾಲುವೆ, ಅದರ ಎರಡೂ ಕಡೆ ಬದು. ಬದುಗಳು ಕೆಳಗೆ ಬಂದು ಮುಟ್ಟುವ ಕಡೆ ತುಟಿಯ ಕೆಂಪಂಚು ಎರಡು ಶಿಖರಗಳಾಗಿ ಏಳುತ್ತದೆ, ನಡುವೆ ತಗ್ಗುತ್ತದೆ. ಬಿಲ್ಲಿನ ಆಕಾರ. ನಮ್ಮ ಉರ್ದು ಶಾಯರರು ಕಮಾನು ಕಂಡದ್ದು ಹುಬ್ಬಿನಲ್ಲಿ. ಸರ್ಜನ್‌ಗಳು ಕಂಡದ್ದು ತುಟಿಯಲ್ಲಿ. ಅವರ ಇಡೀ ಜಗಳ ಈ ಬಿಲ್ಲಿನ ಬಗ್ಗೆಯೇ.

ಸೀಳುತುಟಿಯ ತೊಂದರೆ ಬರೀ ಸಂದು ಬಿಟ್ಟಿರುವುದಲ್ಲ. ಹಾಗಿದ್ದರೆ ಹರಿದ ಅಂಗಿಯಂತೆ ಎರಡು ಅಂಚು ಸೇರಿಸಿ ಹೊಲಿದರೆ ಮುಗಿಯಿತು. ಸೀಳಿನ ಅಂಚುಗಳು ಮೇಲಕ್ಕೆ ಎಳೆದುಕೊಂಡಿರುತ್ತವೆ. ಹಾಳೆಯಲ್ಲಿ ತುಟಿಯನ್ನು ಹತ್ತು ಪಟ್ಟು ದೊಡ್ಡದಾಗಿ ಬರೆದು, ಸರಿಯಿರುವ ಕಡೆ ಮೂಗಿನಿಂದ ಬಿಲ್ಲಿನ ಶಿಖರದವರೆಗೆ 10 ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. ಸೀಳಿನ ಕಡೆಯ ಶಿಖರ ಮೂಗಿನಿಂದ 7 ಸೆಂಟಿಮೀಟರಿನಲ್ಲೇ ಸಿಕ್ಕಿಬಿಡುತ್ತದೆ. ಬಿಲ್ಲು ವಾರೆಯಾಗಿ ಮೇಲಕ್ಕೆ ಎದ್ದಿದೆ. ಈಗ ಅಂಚಿಗೆ ಅಂಚು ಸೇರಿಸಿ ಅಂಟಿಸಿದರೆ ಸಂದು ಮುಚ್ಚುತ್ತದೆ, ಆದರೆ ತುಟಿ ಅಲ್ಲಿ ಗಿಡ್ಡವಾಗಿಯೇ ಉಳಿಯುತ್ತದೆ. ಮೇಲಾಗಿ ನೇರ ಗೆರೆಯ ಗಾಯ ಒಣಗುವಾಗ ಕುಗ್ಗುತ್ತದೆ, ತುಟಿಯನ್ನು ಇನ್ನಷ್ಟು ಮೇಲಕ್ಕೆ ಎಳೆಯುತ್ತದೆ. ಆ ಮೂರು ಸೆಂಟಿಮೀಟರ್, ಮಗುವಿನ ತುಟಿಯಲ್ಲಿ ಬರೀ ಮೂರು ಮಿಲಿಮೀಟರ್, ಎಲ್ಲಿಂದ ತರುವುದು? ಪದ್ಧತಿಗಳೆಲ್ಲ ಈ ಒಂದು ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು.

ಶತಮಾನಗಳ ಕಾಲ ನೇರ ಹೊಲಿಗೆಯೇ ನಡೆಯಿತು. ಚೀನಾದ ಜಿನ್ ರಾಜವಂಶದ ಇತಿಹಾಸ ಗ್ರಂಥದಲ್ಲಿ ವೇ ಯೋಂಗ್‌ಝೀ ಎಂಬ ಬಡ ಯುವಕನ ಪ್ರಸಂಗ ಬರುತ್ತದೆ. ಕಾಲ ನಾಲ್ಕನೇ ಶತಮಾನದ ಕೊನೆ. ಸೀಳುತುಟಿ ಕತ್ತರಿಸಿ ಸೇರಿಸಬಲ್ಲ ವೈದ್ಯರಿದ್ದಾರೆಂದು ಕೇಳಿ ದೂರದ ಪ್ರಾಂತ್ಯಕ್ಕೆ ಹೋದ. ಗಂಜಿ ಮಾತ್ರ ಕುಡಿದು ನೂರು ದಿನ ಮಾತನಾಡದೆ, ನಗದೆ ಇರಬೇಕೆಂದು ವೈದ್ಯರು ಹೇಳಿದಾಗ, ಅರ್ಧ ಆಯುಷ್ಯ ಮೌನವಾಗಿರಬೇಕೆಂದರೂ ಸಿದ್ಧ ಎಂದನಂತೆ. ಗುಣವಾಗಿ ಮುಂದೆ ಅದೇ ಪ್ರಾಂತ್ಯದ ಅಧಿಕಾರಿಯಾದ. ಹದಿನಾರನೇ ಶತಮಾನದ ಫ್ರಾನ್ಸಿನಲ್ಲಿ ಆಂಬ್ರೋಜ್ ಪಾರೆ ಎಂಬ ಸರ್ಜನ್ ಅಂಚುಗಳ ಮೂಲಕ ಸೂಜಿ ತೂರಿಸಿ ಅದರ ಸುತ್ತ ಎಂಟರ ಆಕಾರದಲ್ಲಿ ದಾರ ಸುತ್ತುತ್ತಿದ್ದ. ಅರಿವಳಿಕೆ ಇರಲಿಲ್ಲ ಎಂಬುದನ್ನು ನೆನಪಿಡಿ. ಹತ್ತೊಂಬತ್ತನೇ ಶತಮಾನದಲ್ಲಿ ನೇರ ಗೆರೆಯ ಬದಲು ಒಳಕ್ಕೆ ಬಾಗಿದ ಗೆರೆಯಲ್ಲಿ ಕತ್ತರಿಸಿದರೆ ಸ್ವಲ್ಪ ಉದ್ದ ಸಿಗುತ್ತದೆಂದು ಕಂಡುಕೊಂಡರು. ಬಾಗಿದ ದಾರವನ್ನು ಎಳೆದು ನೇರ ಮಾಡಿದರೆ ಉದ್ದವಾಗುವುದಿಲ್ಲವೇ, ಅದೇ ಲೆಕ್ಕ. ಸೀಳು ಸಣ್ಣದಿದ್ದರೆ ಅದು ಸಾಕು, ದೊಡ್ಡದಿದ್ದರೆ ಸಾಲದು.

1952ರಲ್ಲಿ ಅಮೆರಿಕದ ಚಾರ್ಲ್ಸ್ ಟೆನಿಸನ್ ತ್ರಿಕೋನದ ಉಪಾಯ ಪ್ರಕಟಿಸಿದರು. ಗಣಿತದ ಮಕ್ಕಳು ಇಲ್ಲಿ ಗಮನ ಕೊಡಿ. ಗಿಡ್ಡವಾಗಿರುವ ಅಂಚಿನ ಕೆಳಭಾಗದಲ್ಲಿ, ಕೆಂಪಂಚಿಗಿಂತ ಸ್ವಲ್ಪ ಮೇಲೆ, ಒಂದು ಅಡ್ಡ ಕತ್ತರಿ ಹಾಕಿ. ಅಂಚು ಬಾಯಿ ತೆರೆದಂತೆ ತೆರೆದು ಬಿಲ್ಲಿನ ಶಿಖರ ಕೆಳಕ್ಕೆ ಇಳಿಯುತ್ತದೆ. ತೆರೆದ ಜಾಗ ತ್ರಿಕೋನ. ಆ ತ್ರಿಕೋನವನ್ನು ತುಂಬಲು ಎದುರು ಬದಿಯ ತುಟಿಯಿಂದ ಅಷ್ಟೇ ಅಳತೆಯ ಚರ್ಮದ ತ್ರಿಕೋನ ತಂದು ಕೂರಿಸಬೇಕು. ಅಳತೆ ಹಿಡಿಯಲು ಟೆನಿಸನ್ ಬಗ್ಗಿಸಿದ ತಂತಿ ಬಳಸುತ್ತಿದ್ದರು. 1959ರಲ್ಲಿ ಪೀಟರ್ ರಾಂಡಲ್ ತ್ರಿಕೋನವನ್ನು ಸಣ್ಣದು ಮಾಡಿ ಅಳತೆಯ ಲೆಕ್ಕವನ್ನು ಕರಾರುವಾಕ್ಕಾಗಿ ಬರೆದಿಟ್ಟರು. ಇದರ ಗುಣವೆಂದರೆ ಮೊದಲೇ ಅಳೆಯಬಹುದು, ಕಲಿಸಬಹುದು, ಅಗಲವಾದ ಸೀಳಿನಲ್ಲೂ ತುಟಿಯ ಉದ್ದ ಸಿಗುತ್ತದೆ. ಕೊರತೆ ಏನೆಂದರೆ ಗಾಯದ ಗೆರೆ ಅಂಕುಡೊಂಕಾಗಿ ನಡುವಿನ ಕಾಲುವೆಗೆ ನುಗ್ಗುತ್ತದೆ. ದೇವರು ಬದು ಇಟ್ಟ ಕಡೆ ಬದು ಇಲ್ಲ, ಇಲ್ಲದ ಕಡೆ ಗೆರೆ ಇದೆ. ಒಮ್ಮೆ ಲೆಕ್ಕ ತಪ್ಪಿ ಕತ್ತರಿಸಿದರೆ ಆಮೇಲೆ ತಿದ್ದುವುದೂ ಕಷ್ಟ.

ಭಾವ ಹೇಳಿದ ಹೆಸರು ರಾಲ್ಫ್ ಮಿಲ್ಲಾರ್ಡ್. ಇವರು 1950ರ ದಶಕದ ಮಧ್ಯದಲ್ಲಿ ಅಮೆರಿಕದ ಸೇನೆಯ ಜೊತೆ ಕೊರಿಯಾದಲ್ಲಿ ಸರ್ಜನ್ ಆಗಿದ್ದರು. ಯುದ್ಧ ಆಗಷ್ಟೇ ನಿಂತಿತ್ತು. ಹಳ್ಳಿಗಳಲ್ಲಿ ಸೀಳುತುಟಿ ಹೊಲಿಯದೆಯೇ ಬೆಳೆದ ಮಕ್ಕಳು ಬಹಳ. ಸೀಳುತುಟಿಯ ಮಗುವಿನ ಚಿತ್ರವನ್ನು ನೋಡುತ್ತಾ ನೋಡುತ್ತಾ ಅವರಿಗೆ ಹೊಳೆದದ್ದು ಇಷ್ಟು: ಇಲ್ಲಿ ಏನೂ ಕಳೆದುಹೋಗಿಲ್ಲ. ಬಿಲ್ಲಿನ ಬಹುಭಾಗ, ಕಾಲುವೆ, ಒಂದು ಬದು, ಎಲ್ಲ ಇದೆ. ಅದು ತಿರುಚಿಕೊಂಡು ಮೇಲಕ್ಕೆ ಹೋಗಿ ಕುಳಿತಿದೆ ಅಷ್ಟೆ. ಹಾಗಾದರೆ ಕೆಳಗೆ ಕತ್ತರಿ ಹಾಕಿ ಒಳ್ಳೆಯ ಭಾಗವನ್ನು ಕೆಡಿಸುವುದೇಕೆ? ಮೇಲೆ, ಮೂಗಿನ ಬುಡದಲ್ಲಿ ಬಾಗಿದ ಗೆರೆ ಕತ್ತರಿಸಿ ಆ ಇಡೀ ತುಂಡನ್ನು ಕೆಳಕ್ಕೆ ತಿರುಗಿಸಿ ಅದರ ಜಾಗಕ್ಕೆ ತಂದರೆ ಸಾಕು. ತಿರುಗಿಸಿದಾಗ ಮೇಲೆ ಉಳಿಯುವ ಸಂದನ್ನು ತುಂಬಲು ಇನ್ನೊಂದು ಬದಿಯ ತುಟಿಯನ್ನು ಮುಂದಕ್ಕೆ ಜರುಗಿಸಬೇಕು. ಇದನ್ನು ಅವರು 1955ರಲ್ಲಿ ಸ್ಟಾಕ್‌ಹೋಮ್‌ನ ಪ್ಲಾಸ್ಟಿಕ್ ಸರ್ಜರಿ ಸಮ್ಮೇಳನದಲ್ಲಿ ಮಂಡಿಸಿದರು, 1957ರಲ್ಲಿ ಅದು ಮುದ್ರಣವಾಯಿತು.

ಹಾಳೆಯಲ್ಲಿ ಮಾಡಿ ನೋಡಿದರೆ ಇದರ ಚಂದ ಗೊತ್ತಾಗುತ್ತದೆ. ಗಾಯದ ಗೆರೆ ಬದು ಇರಬೇಕಾದ ಜಾಗದಲ್ಲೇ ಇಳಿಯುತ್ತದೆ, ಅಡ್ಡ ಗೆರೆ ಮೂಗಿನ ನೆರಳಿನಲ್ಲಿ ಅಡಗುತ್ತದೆ, ಕೆಳಗಿನ ಬಿಲ್ಲು ಮುಟ್ಟದೆ ಉಳಿಯುತ್ತದೆ. ಲೋಕದ ಸರ್ಜನ್‌ಗಳು ಇದನ್ನು ಹೆಚ್ಚಾಗಿ ಹಿಡಿದದ್ದು ಇದಕ್ಕೇ. ಆದರೆ ಹಾಳೆಯೇ ಇದರ ಕೊರತೆಯನ್ನೂ ತೋರಿಸುತ್ತದೆ. ಸೀಳು ಬಹಳ ಅಗಲವಾಗಿದ್ದರೆ ಎಷ್ಟು ತಿರುಗಿಸಿದರೂ ಪೂರ್ತಿ ಇಳಿಯುವುದಿಲ್ಲ, ತುಟಿ ಒಂದೆರಡು ಮಿಲಿಮೀಟರ್ ಗಿಡ್ಡ ಉಳಿಯುತ್ತದೆ. ಟೆನಿಸನ್‌ನಂತೆ ಮೊದಲೇ ಲೆಕ್ಕ ಬರೆದಿಟ್ಟುಕೊಳ್ಳುವಂತಿಲ್ಲ. ಕತ್ತರಿಸುತ್ತಾ, ನೋಡುತ್ತಾ, ಬೇಕಾದರೆ ಇನ್ನಷ್ಟು ಕತ್ತರಿಸುತ್ತಾ ಹೋಗುವ ಪದ್ಧತಿ ಇದು. ಪಳಗಿದ ಕೈಗೆ ಇದು ಸ್ವಾತಂತ್ರ್ಯ, ಹೊಸ ಕೈಗೆ ಅಪಾಯ. ನಮ್ಮ ಅಡುಗೆಮನೆಗಳಲ್ಲೂ ಅಳತೆ ಇಟ್ಟು ಮಾಡುವವರು, ಕಣ್ಣಳತೆಯಲ್ಲಿ ಹಾಕುವವರು ಎರಡೂ ಬಗೆ ಇದ್ದಾರೆ, ಬಿರಿಯಾನಿ ಯಾರದ್ದು ಚೆನ್ನ ಎಂದು ನಾನು ಹೇಳಲಾರೆ.

ಆಮೇಲೆ ಬಂದವರು ಇವೆರಡರ ನಡುವೆ ದಾರಿ ಹುಡುಕಿದರು. ಲೆಸ್ಟರ್ ಮೋಹ್ಲರ್ 1987ರಲ್ಲಿ ಮೇಲಿನ ಕತ್ತರಿಯನ್ನು ಮೂಗಿನ ನಡುಗಂಬದ ಬುಡದೊಳಕ್ಕೆ ಏರಿಸಿ ತಿರುಗಿಸಲು ಹೆಚ್ಚು ಅವಕಾಶ ಮಾಡಿಕೊಂಡರು. ಟೊರಾಂಟೊದ ಡೇವಿಡ್ ಫಿಶರ್ 2005ರಲ್ಲಿ ಪ್ರಕಟಿಸಿದ್ದು ಭಾವ ಹೇಳಿದ ಆ ಹೊಸದು. ಗೆರೆಯನ್ನು ಪೂರ್ತಿ ಬದುವಿನ ಜಾಗದಲ್ಲೇ ಇಳಿಸುತ್ತಾರೆ, ಕಡಿಮೆ ಬೀಳುವ ಉದ್ದಕ್ಕಾಗಿ ಕೆಂಪಂಚಿನ ಸ್ವಲ್ಪ ಮೇಲೆ ಒಂದೆರಡು ಮಿಲಿಮೀಟರಿನ ಪುಟ್ಟ ತ್ರಿಕೋನ ಸೇರಿಸುತ್ತಾರೆ. ಅಂದರೆ ಟೆನಿಸನ್‌ನ ತ್ರಿಕೋನವೇ ಸಣ್ಣದಾಗಿ, ಅಳತೆಯ ಶಿಸ್ತಿನೊಂದಿಗೆ ತಿರುಗಿ ಬಂತು. ಚಾಕು ಮುಟ್ಟುವ ಮೊದಲೇ ತುಟಿಯ ಮೇಲೆ ಹತ್ತಾರು ಚುಕ್ಕಿ ಇಟ್ಟು ಅಳೆಯಬೇಕಾಗುತ್ತದೆ.

ನಮ್ಮ ನೆರೆಯ ಹೈದರಾಬಾದಿನಲ್ಲೂ ಒಂದು ಗೆರೆ ಹುಟ್ಟಿತು. ಅಲ್ಲಿನ ಗೋಸ್ಲಾ ರೆಡ್ಡಿಯವರ ತಂಡ ಸೀಳಿಲ್ಲದ ಕಡೆ ಮಿಲ್ಲಾರ್ಡ್‌ನ ಗೆರೆ, ಸೀಳಿನ ಕಡೆ ಜರ್ಮನಿಯ ಫೈಫರ್‌ನ ಅಲೆಯ ಗೆರೆ ಸೇರಿಸಿ ಅದಕ್ಕೆ ಅಫ್ರೋಜ್ ಎಂದು ಹೆಸರಿಟ್ಟಿತು. ಉರ್ದು ಓದಿದವರಿಗೆ ಅಫ್ರೋಜ್ ಎಂದರೆ ಬೆಳಗಿಸುವುದು ಎಂದು ಬಿಡಿಸಿ ಹೇಳಬೇಕಿಲ್ಲ. ಮೂರೂ ಗೆರೆಗಳನ್ನು 796 ರೋಗಿಗಳಲ್ಲಿ ಹೋಲಿಸಿ 2008ರಲ್ಲಿ ಪ್ರಕಟಿಸಿದರು. ತಮ್ಮ ಗೆರೆಗೇ ಹೆಚ್ಚು ಅಂಕ ಬಂತು. ಪ್ರಶ್ನೆಪತ್ರಿಕೆ ಮಾಡಿದವರೇ ಉತ್ತರ ಬರೆದಂತಾಯಿತು ಎಂದು ನಾನು ಶಿಕ್ಷಕರ ಬುದ್ಧಿಯಲ್ಲಿ ಅಂದುಕೊಂಡೆ. ಆದರೂ ಅಷ್ಟು ಮಕ್ಕಳನ್ನು ನಮ್ಮ ದೇಶದ ಒಂದೇ ತಂಡ ಹೊಲಿದು, ಅಳೆದು, ಬರೆದಿಟ್ಟದ್ದು ಸಣ್ಣ ಮಾತಲ್ಲ.

ಚರ್ಮದ ಗೆರೆಯ ಬಗ್ಗೆಯೇ ಇಷ್ಟು ಹೇಳಿದೆ. ಕಾಗದದಲ್ಲಿ ಇಲ್ಲದ ಒಂದು ವಸ್ತು ತುಟಿಯಲ್ಲಿದೆ, ಅದು ಸ್ನಾಯು. ಬಾಯಿಯ ಸುತ್ತ ಉಂಗುರದಂತೆ ಇರಬೇಕಾದ ಸ್ನಾಯು ಸೀಳು ಇದ್ದಲ್ಲಿ ತುಂಡಾಗಿ, ಅಂಚಿನ ಗುಂಟ ಮೇಲಕ್ಕೆ ಹರಿದು ಮೂಗಿನ ಬುಡಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಅಲ್ಲಿಂದ ಬಿಡಿಸಿ, ಅಡ್ಡಲಾಗಿ ತಿರುಗಿಸಿ, ಎರಡು ಕಡೆಯದನ್ನೂ ಸೇರಿಸಿ ಹೊಲಿಯಬೇಕು. ಬರೀ ಚರ್ಮ ಹೊಲಿದರೆ ಮಗು ಸುಮ್ಮನಿದ್ದಾಗ ತುಟಿ ಸರಿಯಾಗಿಯೇ ಕಾಣುತ್ತದೆ. ನಕ್ಕಾಗ ಎರಡೂ ಬದಿ ಗಂಟು ಉಬ್ಬುತ್ತದೆ, ಮೂಗು ಒಂದು ಕಡೆ ಎಳೆಯುತ್ತದೆ. ಇದೇ ರೀತಿ ಕೆಂಪಂಚು. ದರ್ಜಿ ಸೀರೆಯ ಜರಿ ಅಂಚು ಹೊಂದಿಸಿದಂತೆ ಎರಡು ಕಡೆಯ ಅಂಚು ಸರಿಯಾಗಿ ಕೂಡಬೇಕು. ಒಂದು ಮಿಲಿಮೀಟರ್ ತಪ್ಪಿದರೂ ಎದುರು ಕುಳಿತು ಮಾತನಾಡುವವರ ಕಣ್ಣಿಗೆ ಬೀಳುತ್ತದೆ. ಸ್ನಾಯು ಮತ್ತು ಅಂಚಿನ ಕೆಲಸ ಎಲ್ಲ ಪದ್ಧತಿಗೂ ಒಂದೇ. ಅದು ಯಾವ ಹೆಸರಿನ ಮೇಲೂ ನಿಂತಿಲ್ಲ, ಕೈಯ ಮೇಲೆ ನಿಂತಿದೆ.

ಮಿಲ್ಲಾರ್ಡ್ ಮತ್ತು ತ್ರಿಕೋನ ಪದ್ಧತಿಗಳನ್ನು ಹೋಲಿಸಿದ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ ಒಂದು ಎಲ್ಲ ಮಕ್ಕಳಲ್ಲೂ ಗೆದ್ದಿತು, ಇನ್ನೊಂದು ಸೋತಿತು ಎಂದು ಹೇಳುವಂತಿಲ್ಲ. ಒಂದರಲ್ಲಿ ಉದ್ದ ಚೆನ್ನಾಗಿ ಸಿಕ್ಕರೆ ಇನ್ನೊಂದರಲ್ಲಿ ಮೂಗು ಮತ್ತು ಗೆರೆ ಚೆನ್ನ. ಆದರೆ ಯಾರು, ಎಲ್ಲಿ, ಎಷ್ಟು ಮಕ್ಕಳಿಗೆ ಮಾಡುತ್ತಾರೆ ಎಂಬುದರಲ್ಲಿ ವ್ಯತ್ಯಾಸ ಕಂಡಿದೆ. ಬ್ರಿಟನ್ನಿನಲ್ಲಿ ಈ ಆಪರೇಷನ್ 57 ಕಡೆ ನಡೆಯುತ್ತಿತ್ತು, ಒಬ್ಬೊಬ್ಬ ಸರ್ಜನ್ ವರ್ಷಕ್ಕೆ ಬೆರಳೆಣಿಕೆಯಷ್ಟು ಮಕ್ಕಳನ್ನು ನೋಡುತ್ತಿದ್ದ. ಬೇರೆ ಯುರೋಪಿಯನ್ ಕೇಂದ್ರಗಳಿಗೆ ಹೋಲಿಸಿದಾಗ ಫಲಿತಾಂಶ ಕಳಪೆ ಎಂದು ಕಂಡು, 1998ರ ವರದಿಯೊಂದು ಇವನ್ನು 8ರಿಂದ 15 ಕೇಂದ್ರಗಳಿಗೆ ಇಳಿಸಿ ಎಂದು ಶಿಫಾರಸು ಮಾಡಿತು. ಪದ್ಧತಿ ಬದಲಿಸಿ ಎಂದಲ್ಲ, ಒಂದೇ ಕಡೆ ಒಂದೇ ತಂಡ ಹೆಚ್ಚು ಮಕ್ಕಳನ್ನು ನೋಡಲಿ ಎಂದು.

ನಮ್ಮ ಡಾಕ್ಟರನ್ನು ನಾನು ಕೇಳಿಯೇಬಿಟ್ಟೆ. ಅವರು ನಕ್ಕು, ತಾವು ಮಿಲ್ಲಾರ್ಡ್ ಗೆರೆಯಿಂದ ಶುರುಮಾಡುವುದಾಗಿಯೂ, ಉದ್ದ ಸಾಲದಿದ್ದರೆ ಕೆಳಗೆ ಪುಟ್ಟ ತ್ರಿಕೋನ ಸೇರಿಸುವುದಾಗಿಯೂ ಹೇಳಿದರು. ಆಮೇಲೆ ನಾನು ಕೇಳದಿದ್ದ ಸಂಗತಿಗಳನ್ನು ಅವರೇ ಹೇಳಿದರು. ಬೇರೆಯವರ ಬಳಿ ಹೋದರೂ ಇವನ್ನೇ ಕೇಳಿ ಎಂದರು: ವರ್ಷಕ್ಕೆ ಎಷ್ಟು ಸೀಳುತುಟಿ ಹೊಲಿಯುತ್ತೀರಿ? ಮಕ್ಕಳಿಗೆ ಅರಿವಳಿಕೆ ಕೊಡುವ ಪ್ರತ್ಯೇಕ ಡಾಕ್ಟರ್ ಇದ್ದಾರೆಯೇ? ದಂತವೈದ್ಯರು, ಮಾತಿನ ತರಬೇತಿ ಕೊಡುವವರು ಅದೇ ಕಟ್ಟಡದಲ್ಲಿ ಇದ್ದಾರೆಯೇ? ಐದು ವರ್ಷ, ಹತ್ತು ವರ್ಷ ಕಳೆದ ಮೇಲಿನ ಫೋಟೋ ತೋರಿಸುತ್ತೀರಾ? ಇಷ್ಟನ್ನೂ ನಾನು ಭಾವನಿಗೆ ಬರೆದು ಕಳಿಸಿದೆ. ಮಗುವಿಗೆ ನಾಲ್ಕು ತಿಂಗಳಾದಾಗ ಆಪರೇಷನ್ ಆಯಿತು. ಗೆರೆ ಮೊದಲ ಕೆಲವು ತಿಂಗಳು ಕೆಂಪಾಗಿ ಗಟ್ಟಿಯಾಗಿ, ತುಟಿ ಮತ್ತೆ ಮೇಲಕ್ಕೆ ಎಳೆದಂತಾಗಿ ನಮ್ಮನ್ನು ಹೆದರಿಸಿತು. ಇದು ಆಗುವಂಥದ್ದೇ, ವರ್ಷದೊಳಗೆ ಮೆತ್ತಗಾಗುತ್ತದೆ ಎಂದಿದ್ದರು, ಹಾಗೆಯೇ ಆಯಿತು.

ಇನ್ನು ನನ್ನ ತಪ್ಪಿನ ವಿಷಯ. ಆ ಡಾಕ್ಟರ್ ಮೊದಲ ದಿನವೇ ಟಾರ್ಚ್ ಹಾಕಿ ಮಗುವಿನ ಅಂಗುಳ ನೋಡಿದರು. ಇವನಿಗೆ ಅಂಗುಳ ಸರಿಯಿದೆ, ಮಾತಿಗೆ ತೊಂದರೆ ಇಲ್ಲ ಎಂದರು. ತುಟಿ ಸೀಳಿದ್ದರೆ ಮಾತು ಕೆಡುವುದಿಲ್ಲವೇ ಎಂದೆ. ಮಾತು ಕೆಡುವುದು ಹೆಚ್ಚಾಗಿ ಅಂಗುಳದಿಂದ ಎಂದರು. ಅಂಗುಳದಲ್ಲಿ ಸೀಳಿದ್ದರೆ ಬಾಯಿಯಲ್ಲಿ ಗಾಳಿ ನಿಲ್ಲುವುದಿಲ್ಲ, ಮೂಗಿಗೆ ಸೋರುತ್ತದೆ. ಪ, ಬ ಎರಡೂ ಮ ಆಗುತ್ತವೆ. ಕ, ಟ ಗಂಟಲಲ್ಲೇ ಸಿಕ್ಕಿಕೊಳ್ಳುತ್ತವೆ. ನಾವು ಭಾಷೆಯವರು ಪವರ್ಗವನ್ನು ಓಷ್ಠ್ಯ ಎಂದು ಕಲಿಸುತ್ತೇವೆ, ಆದ್ದರಿಂದ ಪ ತಪ್ಪಿದರೆ ತುಟಿಯನ್ನೇ ನೋಡುತ್ತೇವೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ತಾಯಿಯ ಅನುಮತಿ ಪಡೆದು, ಹೆಸರು ಊರು ಬಿಟ್ಟು ಹೇಳುತ್ತಿದ್ದೇನೆ. ತುಟಿಯಲ್ಲಿ ಹಳೆಯ ಹೊಲಿಗೆಯ ಗೆರೆ. ದುಪಟ್ಟಾದ ತುದಿಯನ್ನು ಯಾವಾಗಲೂ ಬಾಯಿಗೆ ಅಡ್ಡ ಹಿಡಿದಿರುವಳು. ಬರವಣಿಗೆಯಲ್ಲಿ ತರಗತಿಗೆ ಮೊದಲು, ಓದಿಸಿದರೆ ಅರ್ಥವಾಗದು. ತುಟಿ ಸರಿಯಾಗಿದೆಯಲ್ಲ, ಮತ್ತೇಕೆ ಬಾಯಿ ಬಿಟ್ಟು ಓದುವುದಿಲ್ಲ ಎಂದು ಗದರಿದ್ದೇನೆ. ಅಂಕಪಟ್ಟಿಯಲ್ಲಿ ಮೂರು ಅವಧಿ "ಉಚ್ಚಾರಣೆ ಅಸ್ಪಷ್ಟ, ಪ್ರಯತ್ನ ಸಾಲದು" ಎಂದು ಬರೆದಿದ್ದೇನೆ. ಮರುದಿನ ತಾಯಿಯನ್ನು ಕರೆಸಿ, ಅವರ ಎದುರಿಗೇ ಟಾರ್ಚ್ ಹಾಕಿ ನೋಡಿದೆವು. ಅಂಗುಳ ನಡುವೆ ಬಿರಿದಿತ್ತು. ಮಗು ಚಿಕ್ಕದಿದ್ದಾಗ ಒಂದು ಶಿಬಿರದಲ್ಲಿ ತುಟಿ ಹೊಲಿದಿದ್ದರು. ಅಂಗುಳಕ್ಕೆ ಮತ್ತೆ ಬರಬೇಕೆಂದು ಚೀಟಿಯಲ್ಲಿ ಬರೆದಿತ್ತಂತೆ. ಮುಖ ಚೆನ್ನಾಗಿ ಕಂಡಿತು, ಚೀಟಿ ಎಲ್ಲೋ ಹೋಯಿತು. ತಂದೆ ಗಾರೆ ಕೆಲಸಕ್ಕೆ ಊರೂರು ತಿರುಗುವವರು.

ಅಂಗುಳವನ್ನು ಮಗು ಮಾತು ಕಲಿಯುವ ಮೊದಲು, ಸಾಮಾನ್ಯವಾಗಿ ಒಂದು ವರ್ಷದ ಸುತ್ತಮುತ್ತ, ಹೊಲಿಯಬೇಕು. ಯುರೋಪ್ ಮತ್ತು ಬ್ರೆಜಿಲ್‌ನಲ್ಲಿ ಅಂಗುಳ ಮಾತ್ರ ಸೀಳಿದ್ದ 558 ಮಕ್ಕಳಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. 6 ತಿಂಗಳಿಗೆ ಹೊಲಿದ ಮಕ್ಕಳಲ್ಲಿ ಐದನೇ ವಯಸ್ಸಿಗೆ ಗಾಳಿ ಮೂಗಿಗೆ ಸೋರುವ ತೊಂದರೆ ಉಳಿದದ್ದು ಶೇ. 8.9 ಮಕ್ಕಳಿಗೆ, 12 ತಿಂಗಳಿಗೆ ಹೊಲಿದವರಲ್ಲಿ ಶೇ. 15. ಆರು ತಿಂಗಳ ಅಂತರಕ್ಕೇ ಇಷ್ಟು ವ್ಯತ್ಯಾಸವಾದರೆ ಹನ್ನೊಂದು ವರ್ಷಕ್ಕೆ ಎಷ್ಟು ಎಂದು ತಾವೇ ಯೋಚಿಸಿ. ಅವಳಿಗೆ ಹನ್ನೊಂದನೇ ವಯಸ್ಸಿನಲ್ಲಿ ಅಂಗುಳದ ಆಪರೇಷನ್ ಆಯಿತು. ಆಮೇಲೆ ಒಂದೂವರೆ ವರ್ಷ ಮಾತಿನ ತರಬೇತಿ. ಅದರ ಅಭ್ಯಾಸದ ಹಾಳೆ ಹಿಡಿದು ಮಧ್ಯಾಹ್ನದ ಬಿಡುವಿನಲ್ಲಿ ನಾನೂ ಜೊತೆಗೆ ಕೂರುತ್ತಿದ್ದೆ. ಮೂಗಿನ ಕೆಳಗೆ ಸಣ್ಣ ಕನ್ನಡಿ ಹಿಡಿದು "ಪಾ ಪಾ" ಎನ್ನಬೇಕು, ಕನ್ನಡಿ ಮಂಜಾದರೆ ಗಾಳಿ ಸೋರಿದೆ ಎಂದು ಲೆಕ್ಕ. ಈಗಲೂ ದಣಿದಾಗ ಅವಳ ದನಿ ಮೂಗಿಗೆ ಹೋಗುತ್ತದೆ. ಓದಿದ್ದು ಅರ್ಥವಾಗುತ್ತದೆ. ದುಪಟ್ಟಾ ಹೆಗಲ ಮೇಲಿದೆ.

ಪಿಂಕಿ ಎಂಬ ಹುಡುಗಿಯ ಹೆಸರನ್ನು ತಾವು ಕೇಳಿರಬಹುದು. ಉತ್ತರ ಪ್ರದೇಶದ ಮಿರ್ಜಾಪುರ ಜಿಲ್ಲೆಯವಳು. ಸೀಳುತುಟಿಯಿಂದಾಗಿ ಶಾಲೆಗೆ ಹೋಗಲಾಗದೆ ಇದ್ದವಳ ತುಟಿಯನ್ನು ವಾರಾಣಸಿಯ ಡಾ. ಸುಬೋಧ್ ಕುಮಾರ್ ಸಿಂಗ್ ಉಚಿತವಾಗಿ ಹೊಲಿದರು. ಅವಳ ಬಗ್ಗೆ ಮೇಗನ್ ಮೈಲನ್ ಮಾಡಿದ ಸಾಕ್ಷ್ಯಚಿತ್ರಕ್ಕೆ 2009ರಲ್ಲಿ ಆಸ್ಕರ್ ಬಂತು, 2013ರಲ್ಲಿ ವಿಂಬಲ್ಡನ್ ಪುರುಷರ ಫೈನಲ್‌ನಲ್ಲಿ ನಾಣ್ಯ ಚಿಮ್ಮಿದವಳು ಅವಳೇ. ಅವಳ ತುಟಿಯನ್ನು ಯಾವ ಗೆರೆಯಲ್ಲಿ ಹೊಲಿದರೆಂದು ಆ ಚಿತ್ರ ನೋಡಿದವರು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಖರ್ಚಿನ ಬಗ್ಗೆ ಸಭೆಯಲ್ಲಿ ಹಲವರು ಕೇಳಿದ್ದರಿಂದ ಇಷ್ಟು ಸೇರಿಸುತ್ತೇನೆ. ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಸೀಳುತುಟಿ, ಸೀಳಂಗುಳದ ಚಿಕಿತ್ಸೆ ಸೇರಿದೆ. ಶಾಲೆ, ಅಂಗನವಾಡಿಗಳಿಗೆ ತಪಾಸಣೆಗೆ ಬರುವ ವೈದ್ಯರ ತಂಡ ಅದರದ್ದೇ. ಅವರು ಬಂದ ದಿನ ಇಂಥ ಮಗುವನ್ನು ನಾವೇ ಮುಂದೆ ಕರೆದುಕೊಂಡು ಹೋಗಿ, ಬಾಯಿ ತೆರೆಸಿ ಅಂಗುಳ ನೋಡಿ ಎಂದು ಹೇಳಬೇಕು. 1999ರಲ್ಲಿ ಸ್ಥಾಪನೆಯಾದ ಸ್ಮೈಲ್ ಟ್ರೇನ್ ಸಂಸ್ಥೆ ತನ್ನ ಜೊತೆಗಿರುವ ಆಸ್ಪತ್ರೆಗಳಲ್ಲಿ ಉಚಿತ ಆಪರೇಷನ್‌ಗೆ ಹಣ ಕೊಡುತ್ತದೆ. ನಮ್ಮ ರಾಜ್ಯದಲ್ಲಿ ಧಾರವಾಡದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿನಲ್ಲಿ, ಮಂಗಳೂರು ಬಳಿಯ ದೇರಳಕಟ್ಟೆಯ ನಿಟ್ಟೆ ಸಂಸ್ಥೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ಘಟಕಗಳಿವೆ. ತುಟಿ, ಅಂಗುಳ ಆದ ಮೇಲೂ ವಸಡಿನಲ್ಲಿ ಸೀಳಿದ್ದ ಮಕ್ಕಳಿಗೆ 8ರಿಂದ 11ನೇ ವಯಸ್ಸಿನ ಹೊತ್ತಿಗೆ, ಕೋರೆಹಲ್ಲು ಬರುವ ಮೊದಲು, ಅಲ್ಲಿಗೆ ಮೂಳೆ ತುಂಬಬೇಕಾಗುತ್ತದೆ. ನನ್ನ ತಂಗಿಯ ಮಗನಿಗೂ ಅದು ಬಾಕಿ ಇದೆ. ಚೀಟಿಯನ್ನು ಈ ಸಲ ಬೀರುವಿನಲ್ಲಿ ಇಟ್ಟಿದ್ದೇವೆ, ಒಂದು ಪ್ರತಿ ನನ್ನ ಬಳಿಯೂ ಇದೆ.

ಸಭೆಯಲ್ಲಿ ತೋರಿಸಿದ ಕಾಗದದ ತುಟಿಗಳು ನಮ್ಮ ಶಾಲೆಯ ವಾಚನಾಲಯದ ಮೇಜಿನ ಮೇಲಿವೆ, ಅಳತೆಗಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿದ್ದೇನೆ. ಬೇಕಾದವರು ಮಿಲ್ಲಾರ್ಡ್‌ನ ಗೆರೆ, ತ್ರಿಕೋನದ ಗೆರೆ ಎರಡನ್ನೂ ಕತ್ತರಿಸಿ ಅಂಟಿಸಿ ನೋಡಬಹುದು. ಕತ್ತರಿ ಮಾತ್ರ ಡ್ರಾಯಿಂಗ್ ಮಾಸ್ತರರದ್ದು, ದಯವಿಟ್ಟು ಅಲ್ಲೇ ಇಟ್ಟು ಹೋಗಿ.